ಹಸಿರು ಅಂಟಿಸಿದ್ದೆಲ್ಲ ಕಡಲಿಗೆ

ನನ್ನ ಗಂಡ ಮನೆ ಸಾಮಾನು ಸಾಗಿಸುವ ಕಂಪನಿಯಲ್ಲಿ ಪ್ಯಾಕಿಂಗ್ ಮೇಸ್ತ್ರಿ. ಬೇರೆಯವರ ಮನೆ ಖಾಲಿ ಮಾಡುವುದರಲ್ಲಿ ಅವರಿಗೆ ಹನ್ನೆರಡು ವರ್ಷದ ಅನುಭವ. ನಮ್ಮ ಮನೆಯಲ್ಲಿ ತಾವು ಕುಡಿದ ಲೋಟ ಎತ್ತಿಡುವ ಅನುಭವ ಮಾತ್ರ ಇನ್ನೂ ಬರಬೇಕು.

ಅವರ ಕೆಲಸಕ್ಕೆ ಇರುವುದು ಒಂದೇ ನಿಯಮ. ಹೋಗಬೇಕಾದ ಸಾಮಾನಿಗೆ ಹಸಿರು ಸ್ಟಿಕ್ಕರ್, ಉಳಿಯಬೇಕಾದ್ದಕ್ಕೆ ಕೆಂಪು. ಅಂಟಿಸುವುದು ಮನೆಯವರ ಕೆಲಸ. ಕಟ್ಟುವವನು ಬಾಯಿ ಮುಚ್ಚಿಕೊಂಡು ಕಟ್ಟಬೇಕು. ಒಮ್ಮೆ ಯಾರದೋ ಮನೆಯಲ್ಲಿ ಅರ್ಧ ಕಚ್ಚಿದ ಸೇಬು ಇಟ್ಟಿದ್ದ ತಟ್ಟೆಗೆ ಹಸಿರು ಅಂಟಿತ್ತಂತೆ. ಇವರು ಸೇಬನ್ನೂ ಸೇರಿಸಿ ಮೂರು ಸುತ್ತು ಗುಳ್ಳೆಗುಳ್ಳೆಯ ಪ್ಲಾಸ್ಟಿಕ್ ಹಾಳೆ ಸುತ್ತಿ, ಟೇಪು ಹಾಕಿ, ಮೇಲೆ ‘ಜೋಪಾನ’ ಎಂದು ಬರೆದು ಆರು ವಾರದ ಪ್ರಯಾಣಕ್ಕೆ ಕಳಿಸಿಕೊಟ್ಟರಂತೆ. ಬೇರೆ ಯಾರಾದರೂ ಆಗಿದ್ದರೆ ಇದರ ಬಗ್ಗೆ ಜನ್ಮದಲ್ಲಿ ಬಾಯಿ ಬಿಡುತ್ತಿರಲಿಲ್ಲ. ಇವರು ನೆಂಟರು ಬಂದಾಗಲೆಲ್ಲ ಎದೆಯುಬ್ಬಿಸಿ ಹೇಳುತ್ತಾರೆ.

“ಹಸಿರಿತ್ತು, ಹೋಯ್ತು. ಸೇಬು ಯಾಕಿದೆ ಅಂತ ಯೋಚನೆ ಮಾಡ್ತಾ ಕೂತ್ರೆ ಒಂದು ಮನೆಗೆ ಒಂದು ವಾರ ಬೇಕು.”

ಅಂಥವರ ಉಸ್ತುವಾರಿಯಲ್ಲಿ ನಾವು ಹದಿನೆಂಟು ತಿಂಗಳ ಮಗಳನ್ನು ಕರೆದುಕೊಂಡು ಒಂದು ಭಾನುವಾರ ಕಡಲ ದಂಡೆಗೆ ಹೊರಟೆವು. ಬೆಳಿಗ್ಗೆ ಹೋಗಿ ಸಂಜೆ ಬರುವ ಪ್ರಯಾಣ. ಮಗಳಿಗೆ ಮನೆಯಲ್ಲಿ ದೊರೆಸಾನಿ ಎಂದು ಹೆಸರು. ಕರೆದರೆ ಬರುವುದಿಲ್ಲ, ಇಳಿಸಿದರೆ ಇಳಿಯುವುದಿಲ್ಲ, ಬೇಕಾದ್ದನ್ನು ಬೆರಳು ತೋರಿಸಿ ತರಿಸಿಕೊಳ್ಳುತ್ತಾರೆ. ಇನ್ನೇನೆಂದು ಕರೆಯುವುದು?

ಎಲ್ಲರಿಗೂ ಅದು ಪಿಕ್ನಿಕ್ಕು. ನನಗೆ ಬೇರೆ ಕೆಲಸವಿತ್ತು.

ನಾನು ಊರಿನ ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುತ್ತಿದ್ದೆ. ಬಸುರಿಯಾದಾಗ ಬಿಟ್ಟದ್ದು, ಎರಡು ವರ್ಷದ ಮೇಲೆ ಎರಡು ತಿಂಗಳಾಗಿತ್ತು. ಸೋಮವಾರ ಮತ್ತೆ ಕೆಲಸಕ್ಕೆ ಹಾಜರಾಗಬೇಕಿತ್ತು. ಕೊಳದ ಮ್ಯಾನೇಜರು ಫೋನು ಮಾಡಿ ಬಹಳ ಪ್ರೀತಿಯಿಂದ ಹೇಳಿದರು. “ಒಂದು ಸಣ್ಣ ಪರೀಕ್ಷೆ ಇರುತ್ತೆ ಮೇಡಂ. ನಿಲ್ಲದೆ ಇಪ್ಪತ್ತು ಸಲ ಕೊಳ ದಾಟಬೇಕು, ಅಷ್ಟೇ. ಆಗಲಿಲ್ಲ ಅಂದ್ರೂ ಚಿಂತೆ ಬೇಡ. ಟಿಕೆಟ್ ಕೌಂಟರ್ ಖಾಲಿ ಇದೆ. ಕೂತು ಮಾಡೋ ಕೆಲಸ, ತಾಯಂದಿರಿಗೆ ಒಳ್ಳೇದು.”

ತಾಯಂದಿರಿಗೆ ಏನು ಒಳ್ಳೆಯದು ಎಂಬುದು ತಾಯಂದಿರನ್ನು ಬಿಟ್ಟು ಲೋಕದಲ್ಲಿ ಎಲ್ಲರಿಗೂ ಗೊತ್ತು.

ಇಪ್ಪತ್ತು ಸಲ ಎಂದರೆ ಐನೂರು ಮೀಟರು. ಒಂದು ಕಾಲದಲ್ಲಿ ಅದು ನನಗೆ ಬೆಳಗಿನ ಕಾಫಿಗೆ ಮುಂಚಿನ ಮಾತು. ಈಗ ಮೂರನೇ ಮಹಡಿ ಹತ್ತುವಾಗ ಎರಡನೇ ಮಹಡಿಯಲ್ಲಿ ನಿಂತು, ಯಾರದೋ ಬಾಗಿಲಿನ ಬೋರ್ಡು ಓದುವವಳಂತೆ ನಟಿಸುತ್ತೇನೆ. ಕೊಳ ರಿಪೇರಿಗೆಂದು ಸೋಮವಾರದವರೆಗೂ ಮುಚ್ಚಿತ್ತು. ಬಚ್ಚಲಿನಲ್ಲಿ ಬಕೆಟ್ಟಿಗೆ ಮುಖ ಅದ್ದಿ ಉಸಿರು ಹಿಡಿದು ನೋಡಿದೆ. ಹನ್ನೊಂದು ಎಣಿಸುವಷ್ಟರಲ್ಲಿ ದೊರೆಸಾನಿ ಬಾಗಿಲು ಬಡಿದರು. ಹಾಗಾಗಿ ನನ್ನ ಕೈಕಾಲು ಇನ್ನೂ ಈಜುತ್ತವೆಯೋ ಇಲ್ಲವೋ ಎಂದು ತಿಳಿಯಲು ಉಳಿದಿದ್ದದ್ದು ಆ ಭಾನುವಾರ, ಆ ಕಡಲು, ಅಷ್ಟೇ.

ಬುಧವಾರವೇ ಗಂಡನನ್ನು ಕೇಳಿದೆ. “ರೀ, ಅಲ್ಲಿ ನನಗೆ ಅರ್ಧ ಗಂಟೆ ಬೇಕು. ಒಬ್ಬಳೇ ನೀರಿಗೆ ಹೋಗ್ಬೇಕು. ಮಗು ನೀವು ನೋಡ್ಕೋಬೇಕು.”

“ಅರ್ಧ ಗಂಟೆ ಯಾಕೆ? ಒಂದು ಗಂಟೆ ತಗೋ!” ಎಂದರು. ಭಾನುವಾರದ ಔದಾರ್ಯವನ್ನು ಬುಧವಾರವೇ ತೋರಿಸುವುದು ಎಷ್ಟು ಸುಲಭ!

ಶನಿವಾರ ಮಧ್ಯಾಹ್ನ ಊಟ ಮುಗಿದ ಕೂಡಲೇ ನಡುಮನೆಯಲ್ಲಿ ಸಾಮಾನು ಗುಡ್ಡೆ ಬಿತ್ತು. ಡೈಪರ್ ಕಟ್ಟು, ಒರೆಸುವ ಬಟ್ಟೆ, ಬಿಸಿಲಿನ ಕ್ರೀಮು, ದೊಡ್ಡ ಕೊಡೆ, ಚಾಪೆ, ಟವೆಲ್ಲು ನಾಲ್ಕು, ಜ್ವರದ ಔಷಧಿ, ಭೇದಿಯ ಔಷಧಿ, ಎರಡೂ ಒಟ್ಟಿಗೆ ಬಂದರೆ ಕೊಡುವ ಔಷಧಿ. ಮೊಣಕಾಲೆತ್ತರದ ಒಂದು ಜೀವಕ್ಕೆ ಒಂದು ದಿನಕ್ಕೆ ಇಷ್ಟು ಬೇಕು. ಇದರ ಪಕ್ಕದಲ್ಲಿ ನನ್ನದೊಂದು ಪುಟ್ಟ ಬಟ್ಟೆಚೀಲ. ಒಳಗೆ ಈಜುಡುಗೆ, ಟೋಪಿ, ನೀರಿನ ಕನ್ನಡಕ.

ಅತ್ತೆ ನಲವತ್ತು ವರ್ಷ ಹೊಲಿಗೆ ಮಾಡಿದವರು. ಮೊಮ್ಮಗಳಿಗೆ ಹೊಲಿದದ್ದು, ಹೆಣೆದದ್ದನ್ನೆಲ್ಲ ತಂದು ಗುಡ್ಡೆಯ ಮೇಲಿಟ್ಟರು.

“ಅತ್ತೆ, ಸ್ವೆಟರ್ ಬೇಡ. ಅಲ್ಲಿ ಸೆಕೆ.”

“ಸೆಕೆ ಅಂತ ನಿನಗೆ ಯಾರು ಹೇಳಿದ್ದು?”

“ಕಡಲು ಅತ್ತೆ. ಬಿಸಿಲು. ಮರಳು.”

“ಗಾಳಿ ಇರಲ್ವಾ? ಗಾಳಿಗೆ ಇದು ಮಗು ಕಿವಿ ಅಂತ ಗೊತ್ತಾ, ಮಗು ಸೊಂಟ ಅಂತ ಗೊತ್ತಾ? ಎರಡು ಇಡು.” ನನ್ನ ಮುಖ ನೋಡಿ, “ಬೇಡ, ನೀನು ಇಡಲ್ಲ. ನನ್ನ ಚೀಲದಲ್ಲೇ ಇಟ್ಕೋತೀನಿ,” ಎಂದು ವಾಪಸು ತೆಗೆದುಕೊಂಡು ಹೋದರು.

ಆಮೇಲೆ ಇವರ ಸ್ಟಿಕ್ಕರ್ ಮೆರವಣಿಗೆ. ಕಿವಿಗೆ ಪೆನ್ಸಿಲ್ ಸಿಕ್ಕಿಸಿ, ಕೈಯಲ್ಲಿ ಹಾಳೆ ಹಿಡಿದು, ಒಂದೊಂದಕ್ಕೂ ಹಸಿರು ಒತ್ತುತ್ತ ಹೋದರು. ನನ್ನ ಚೀಲದ ಹತ್ತಿರ ನಿಂತು, “ಇದು ಬೇಕೇ ಬೇಕಾ?” ಎಂದರು. ನನ್ನ ನೋಟ ನೋಡಿ ಅದಕ್ಕೂ ಒಂದು ಒತ್ತಿದರು. ದೊರೆಸಾನಿ ಪಕ್ಕದಲ್ಲೇ ಕೂತು ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಮಗು ಎಷ್ಟು ಆಸಕ್ತಿಯಿಂದ ಕೆಲಸ ಕಲಿಯುತ್ತಿದೆ ಎಂದು ಅಪ್ಪನಿಗೆ ಹೆಮ್ಮೆ.

ಅಂಟಿಸಿದ್ದಾಯಿತು, ಇನ್ನು ಕಟ್ಟುವುದಕ್ಕೆ ಮೊದಲು ಚಹಾ ಎಂದರು. ಮಗುವನ್ನು ಅಲ್ಲೇ ಬಿಟ್ಟು ಮೂವರೂ ಅಡುಗೆಮನೆಯಲ್ಲಿ ಕೂತೆವು. ಇಪ್ಪತ್ತು ನಿಮಿಷ ನಡುಮನೆಯಿಂದ ಒಂದು ಸದ್ದಿಲ್ಲ. ಎಡವಿದ್ದಿಲ್ಲ, ಕಿರುಚಿದ್ದಿಲ್ಲ, ಏನೂ ಬಿದ್ದದ್ದಿಲ್ಲ. ಪುಟ್ಟ ಮಗುವಿರುವ ಮನೆಯಲ್ಲಿ ಇಂಥ ಶಾಂತಿ ನೆಲೆಸಿದರೆ ಬುದ್ಧಿಯಿದ್ದವರು ಲೋಟ ಬಿಟ್ಟು ಓಡುತ್ತಾರೆ. ನಾವು ಇನ್ನೊಂದು ಲೋಟ ಚಹಾ ಬಗ್ಗಿಸಿಕೊಂಡೆವು.

“ಈಗೀಗ ಎಷ್ಟು ಜಾಣೆ ಆಗಿದಾಳೆ ನೋಡು,” ಎಂದರು ಅತ್ತೆ.

ಕಟ್ಟುವಾಗ ಯಾರೂ ಹತ್ತಿರ ಬರಬಾರದು ಎಂಬುದು ಇವರ ಇನ್ನೊಂದು ಕಟ್ಟಳೆ. ನಾನು ಮಗಳನ್ನು ಸ್ನಾನಕ್ಕೆ ಎತ್ತಿಕೊಂಡು ಹೋದೆ. ಇವರು ನಡುಮನೆಯಲ್ಲಿ ಭುಜಕ್ಕೂ ಕಿವಿಗೂ ನಡುವೆ ಫೋನು ಸಿಕ್ಕಿಸಿಕೊಂಡು, ಯಾರದೋ ಬೀರು ಯಾವುದೋ ಮೆಟ್ಟಿಲಲ್ಲಿ ಸಿಕ್ಕಿಕೊಂಡಿದ್ದರ ಬಗ್ಗೆ ಹುಡುಗರಿಗೆ ಬೈಯುತ್ತ, ಕೈಯಲ್ಲಿ ಪರಪರ ಟೇಪು ಎಳೆಯುತ್ತಿದ್ದರು. ಕಣ್ಣು ಬಿಡಬೇಕಾದ ಅಗತ್ಯವೂ ಇಲ್ಲ, ಕೈಗೇ ಎಲ್ಲ ಗೊತ್ತು ಎಂದು ಇವರೇ ಹೇಳುವುದುಂಟು. ಸ್ನಾನ ಮುಗಿಸಿ ಬರುವಷ್ಟರಲ್ಲಿ ಮೂರು ರಟ್ಟಿನ ಪೆಟ್ಟಿಗೆ ಸಾಲಾಗಿ ನಿಂತಿದ್ದವು. ಉಳಿದದ್ದನ್ನೆಲ್ಲ ಗೋಡೆಗೆ ಒತ್ತರಿಸಿ, ಧೂಳು ಬೀಳದ ಹಾಗೆ ಹಳೆಯ ಹೊದಿಕೆ ಮುಚ್ಚಿದ್ದರು. ಅದೂ ಅವರ ಕೆಲಸದ ರೀತಿ. ಹೊದಿಕೆ ಎತ್ತಿ ನೋಡುವ ಕೆಟ್ಟ ಬುದ್ಧಿ ನಮಗೆ ಯಾರಿಗೂ ಬರಲಿಲ್ಲ.

ಬೆಳಿಗ್ಗೆ ಬೀರುವಿನಲ್ಲಿ ಉಳಿದಿದ್ದ ಒಂದೇ ಡೈಪರ್ ಹಾಕಿ, ಬುಟ್ಟಿಯಲ್ಲಿ ಬ್ರೆಡ್ಡು, ಬಾಳೆಹಣ್ಣು, ಗಂಜಿಯ ಫ್ಲಾಸ್ಕು, ನೀರು ಇಟ್ಟುಕೊಂಡು ಹೊರಟೆವು. ಎರಡು ಗಂಟೆಯ ದಾರಿ. ಅತ್ತೆ ತಮ್ಮ ಚೀಲವನ್ನು ತೊಡೆಯಿಂದ ಇಳಿಸಲಿಲ್ಲ. ನಾನು ಮನಸ್ಸಿನಲ್ಲೇ ಕೈ ಬೀಸುತ್ತಿದ್ದೆ. ಬಲಗೈ, ಎಡಗೈ, ಉಸಿರು. ಬಲಗೈ, ಎಡಗೈ, ಉಸಿರು.

ಕಡಲು ತಣ್ಣಗೆ, ಕೆರೆಯ ಹಾಗೆ ಮಲಗಿತ್ತು. ಈಜುವವರಿಗೆಂದು ದಂಡೆಯಲ್ಲಿ ಎರಡು ಬಾವುಟ ನೆಟ್ಟಿದ್ದರು. ಒಂದು ಬಾವುಟದ ಹತ್ತಿರ ಮರದ ಅಟ್ಟಣಿಗೆಯ ಮೇಲೆ ಶಿಳ್ಳೆ ಕಟ್ಟಿಕೊಂಡ ಕಾವಲುಗಾರ ಕೂತಿದ್ದ. ಆ ಅಟ್ಟಣಿಗೆಯ ನೆರಳಿನಲ್ಲೇ ನಾವು ಪೆಟ್ಟಿಗೆ ಇಳಿಸಿದೆವು.

ಇವರು ಚಾಕು ತೆಗೆದು, ಉದ್ಘಾಟನೆಗೆ ಬಂದ ಗಣ್ಯರಂತೆ ಮೊದಲ ಪೆಟ್ಟಿಗೆಯ ಟೇಪು ಕತ್ತರಿಸಿದರು. “ಮೊದಲನೇದ್ರಲ್ಲಿ ಚಾಪೆ, ಕೊಡೆ, ಕ್ರೀಮು. ತಕ್ಷಣ ಬೇಕಾದ್ದು ಮೇಲೇ ಇರ್ಬೇಕು. ಇದಕ್ಕೇ ಅನುಭವ ಅನ್ನೋದು.”

ಮೇಲೆ ಇದ್ದದ್ದು ಒಂದು ಗುಂಡನೆಯ ಗಂಟು. ನಾಲ್ಕು ಸುತ್ತು ಗುಳ್ಳೆ ಹಾಳೆ, ಮೇಲೆ ದಪ್ಪಕ್ಷರದಲ್ಲಿ ‘ಒಡೆಯುವ ವಸ್ತು’. ಬಿಚ್ಚಿದರೆ, ಗಾಳಿಗೆ ಬಾಗಿಲು ಬಡಿಯದಿರಲಿ ಎಂದು ನಾವು ಒತ್ತು ಕೊಡುತ್ತಿದ್ದ ಕಲ್ಲು.

“ಇದೇನೋ?” ಎಂದರು ಅತ್ತೆ.

“ಕಲ್ಲು,” ಎಂದೆ ನಾನು.

“ಕಲ್ಲು ಅಂತ ನನಗೂ ಕಾಣುತ್ತಮ್ಮ. ನಮ್ಮನೆ ಬಾಗಿಲ ಕಲ್ಲು ಕಡಲು ನೋಡೋಕೆ ಯಾಕೆ ಬಂತು ಅಂತ.”

ಇವರು ಕಲ್ಲನ್ನು ತಿರುಗಿಸಿ ನೋಡಿದರು. ಅದರ ಹೊಟ್ಟೆಯ ಮೇಲೆ ಹಸಿರು ಸ್ಟಿಕ್ಕರ್ ಸ್ವಲ್ಪ ಸೊಟ್ಟಗೆ, ಆದರೆ ಗಟ್ಟಿಯಾಗಿ ಅಂಟಿತ್ತು. “ಹಸಿರಿದೆ,” ಎಂದರು, ಆ ಒಂದು ಮಾತಿಗೆ ಎಲ್ಲ ಬಗೆಹರಿಯಿತು ಎನ್ನುವಂತೆ.

ಆಮೇಲೆ ಬಂದವು ಒಂದೊಂದಾಗಿ. ಟೀವಿಯ ರಿಮೋಟು. ನನ್ನ ಎಡಗಾಲಿನ ಚಪ್ಪಲಿ. ನೆಲ ಒರೆಸುವ ಬಟ್ಟೆ, ಅಂದವಾಗಿ ಮಡಿಸಿದ್ದು. ತರಕಾರಿ ಬುಟ್ಟಿಯ ಎರಡು ಈರುಳ್ಳಿ, ಪ್ರತ್ಯೇಕವಾಗಿ ಸುತ್ತಿದ್ದು. ಅತ್ತೆಯ ಹೊಲಿಗೆ ಡಬ್ಬಿ. ಎರಡನೆಯ ಪೆಟ್ಟಿಗೆ ತೆರೆದರೆ ಹೊಲಿಗೆ ಯಂತ್ರದ ಮುಂದಿನ ಸ್ಟೂಲು ನಾಲ್ಕೂ ಕಾಲು ಮೇಲೆ ಮಾಡಿ ಮಲಗಿತ್ತು. ಮೂರನೆಯದರ ಒಳಗೆ ಇನ್ನೊಂದು ಖಾಲಿ ಪೆಟ್ಟಿಗೆ. ಖಾಲಿ ಪೆಟ್ಟಿಗೆಗೂ ಹಸಿರು. ಅದರ ಪಕ್ಕದಲ್ಲಿ, ಸರಿಯಾಗಿ ಬಂದು ತಲುಪಿದ್ದ ಒಂದೇ ಒಂದು ವಸ್ತು, ದೊರೆಸಾನಿಯವರ ರಬ್ಬರ್ ಬಾತುಕೋಳಿ. ಊರವರದ್ದನ್ನೆಲ್ಲ ಕಿತ್ತು ಅಂಟಿಸಿದವರು ತಮ್ಮ ಆಸ್ತಿಯನ್ನು ಮಾತ್ರ ಮುಟ್ಟಿರಲಿಲ್ಲ.

ಡೈಪರ್ ಇಲ್ಲ. ಕೊಡೆ ಇಲ್ಲ. ಕ್ರೀಮಿಲ್ಲ. ನನ್ನ ಚೀಲವೂ ಇಲ್ಲ.

ಅತ್ತೆಗೆ ಮೊದಲು ಸಣ್ಣಗೆ ಬಂದ ನಗು ಆಮೇಲೆ ಹೊಟ್ಟೆ ಹಿಡಿದುಕೊಳ್ಳುವಷ್ಟಾಯಿತು. “ಈರುಳ್ಳಿ ಕೂಡ ಬಿಡದೆ ಸುತ್ತಿದಾನಲ್ಲೇ! ಕೈಗೆ ಸಿಕ್ಕಿದ್ದು ಈರುಳ್ಳಿ ಅಂತ ಗೊತ್ತಾಗ್ಲಿಲ್ವೇನೋ ನಿನಗೆ?”

“ಅಮ್ಮ, ಫೋನಲ್ಲಿದ್ದೆ. ಹಸಿರು ಕಾಣ್ತು, ಸುತ್ತಿದೆ. ನಿಯಮ ಅಂದ್ರೆ ನಿಯಮ.”

“ನಿಯಮದ ಮೇಲೇ ಕೂರಿಸಪ್ಪ ನಿನ್ನ ಮಗಳನ್ನ. ಡೈಪರ್ ತುಂಬಿದೆ.”

ಇವರ ಮುಖ ಪೆಚ್ಚಾಯಿತು. ನನಗೆ ಪಾಪ ಎನಿಸಿತು ಕೂಡ. ಹನ್ನೆರಡು ವರ್ಷದಲ್ಲಿ ಇವರ ಕೆಲಸದಲ್ಲಿ ತಪ್ಪು ತೋರಿಸಿದ ಮೊದಲ ಗಿರಾಕಿ ಅವರ ಮಗಳೇ. ತುಸು ಹೊತ್ತಿನಲ್ಲೇ ಎದ್ದು ಪ್ಯಾಂಟಿನ ಮರಳು ಕೊಡವಿಕೊಂಡು ಮತ್ತೆ ಮೇಸ್ತ್ರಿಯಾದರು.

“ಒಂದು ಕೆಲಸ ಮಾಡೋಣ. ಬರೋವಾಗ ಮುಖ್ಯರಸ್ತೆಯಲ್ಲಿ ಅಂಗಡಿ ನೋಡಿದ್ದೆ. ಹೋಗಿ ಡೈಪರ್, ಕ್ರೀಮು, ಚಾಪೆ ಎಲ್ಲ ತರ್ತೀನಿ. ಒಂದೂವರೆ ಗಂಟೆ ಆಗ್ಬಹುದು. ಅಲ್ಲೀವರೆಗೂ ನೀನು ಮಗು ನೋಡ್ಕೊಂಡಿರು. ಹೆಂಗೂ ನಿನ್ನ ಈಜೋ ಬಟ್ಟೆ ಬಂದಿಲ್ಲವಲ್ಲ.”

ಹೆಂಗೂ! ಆ ಒಂದು ಪದದಲ್ಲಿ ನನ್ನ ಸೋಮವಾರವನ್ನು ಸುತ್ತಿ, ಟೇಪು ಹಾಕಿ, ಪಕ್ಕಕ್ಕಿಟ್ಟುಬಿಟ್ಟರು.

ನನ್ನ ಬಾಯಿಗೆ ‘ಪರವಾಗಿಲ್ಲ’ ಬಂದಿತ್ತು. ಅದು ತಾನಾಗೇ ಬರುತ್ತದೆ, ಹೆರಿಗೆಯಾದ ಮೇಲೆ ಹಾಲು ಬಂದ ಹಾಗೆ. ಟಿಕೆಟ್ ಕೌಂಟರಿನ ಗಾಜಿನ ಹಿಂದೆ ಕೂತು, ಆಚೆ ನೀರಿನಲ್ಲಿ ಯಾರೋ ನನ್ನ ಮಕ್ಕಳಿಗೆ ಕಾಲು ಬಡಿಯಲು ಹೇಳಿಕೊಡುವುದನ್ನು ನೋಡುತ್ತ ‘ದೊಡ್ಡೋರು ಎಷ್ಟು, ಚಿಕ್ಕೋರು ಎಷ್ಟು’ ಎಂದು ಕೇಳುತ್ತಿರುವ ನಾನು ಕಣ್ಣ ಮುಂದೆ ಬಂದೆ. ಪರವಾಗಿಲ್ಲ ಎನ್ನುವುದನ್ನು ನುಂಗಿಕೊಂಡೆ.

“ಅಂಗಡಿಗೆ ಯಾರೂ ಹೋಗೋದು ಬೇಡ,” ಎಂದೆ. “ನಾನು ನೀರಿಗೆ ಹೋಗ್ತೀನಿ.”

“ಯಾವ ಬಟ್ಟೇಲಿ?”

“ಇದರಲ್ಲೇ.”

ನಾನು ಹಾಕಿಕೊಂಡಿದ್ದದ್ದು ಅತ್ತೆಯೇ ಹೊಲಿದ ಅಗಲವಾದ ಹತ್ತಿ ಪ್ಯಾಂಟು, ಮೇಲೆ ಇವರ ಹಳೆಯ ದೊಗಲೆ ಅಂಗಿ.

“ಮಗೂಗೆ ಡೈಪರ್ ಇಲ್ಲ ಕಣೇ!” ಎಂದರು ಇವರು, ಮನೆಗೆ ಬೆಂಕಿ ಬಿದ್ದಿದೆ ಎನ್ನುವ ದನಿಯಲ್ಲಿ.

“ಹುಟ್ಟಿದಾಗಲೂ ಇರ್ಲಿಲ್ಲ. ಬಿಚ್ಚಿ ಮರಳಲ್ಲಿ ಬಿಡಿ. ಬುಟ್ಟೀಲಿ ಗಂಜಿ ಇದೆ, ನೆರಳು ಬಿಟ್ಟು ಆಚೆ ಹೋಗದಂಗೆ ನೋಡ್ಕೊಳ್ಳಿ. ಒಂದು ಗಂಟೆ ಅಂತ ಬುಧವಾರ ನೀವೇ ಕೊಟ್ಟಿದ್ದು. ನನಗೆ ಅರ್ಧ ಸಾಕು.”

ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಅದು ಅತ್ತೆಯ ನೋಟವಲ್ಲ, ಅಳತೆ ತೆಗೆಯುವವರ ನೋಟ.

“ಈ ಬಟ್ಟೇಲಿ ಈಜೋಕೆ ಆಗುತ್ತಾ?”

“ಕಷ್ಟ ಅತ್ತೆ. ನೀರು ತುಂಬ್ಕೊಂಡು ಹಿಂದಕ್ಕೆಳೆಯುತ್ತೆ.”

“ಎಲ್ಲಿ ಎಳೆಯುತ್ತೆ, ತೋರ್ಸು.”

ತೊಡೆ, ಕಂಕುಳು, ಹೊಟ್ಟೆಯ ಪಕ್ಕ ಎಂದು ತೋರಿಸಿದೆ. ಅವರು ಮಗನನ್ನು ಪಕ್ಕಕ್ಕೆ ಸರಿಸಿ ಹೊಲಿಗೆ ಡಬ್ಬಿ ಎಳೆದುಕೊಂಡು, ಸ್ಟೂಲನ್ನು ಮರಳಲ್ಲಿ ಒತ್ತಿ ಊರಿ ಕೂತರು. “ಅಲ್ಲಾಡಬೇಡ,” ಎಂದರು. ದೊಡ್ಡ ಕತ್ತರಿ ಕರಕರನೆ ನನ್ನ ಪ್ಯಾಂಟಿನ ಎರಡು ಕಾಲನ್ನೂ ಮೊಣಕಾಲಿನ ಮೇಲೆ ಸುತ್ತಿ ಬಂತು. ಅಂಗಿಯ ತೋಳು ಹೋಯಿತು. ಪಕ್ಕದ ಬಟ್ಟೆಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಉದ್ದುದ್ದ ಹೊಲಿಗೆ ಹಾಕಿದರು, ನಾನು ಉಸಿರೆಳೆದುಕೊಂಡು ನಿಂತಿರುವಾಗಲೇ.

“ಅಮ್ಮ, ಅದು ನನ್ನ ಅಂಗಿ,” ಎಂದರು ಇವರು.

“ಹೋಗೋ ಸಾಮಾನು ಅಂತ ತಿಳ್ಕೋ.” ಹಲ್ಲಿನಿಂದ ದಾರ ಕಡಿದರು. “ಉಸಿರು ಬಿಡು ಈಗ. ಕೈ ಎತ್ತು. ಬಿಗಿ ಆಯ್ತಾ?”

“ಸರಿ ಇದೆ ಅತ್ತೆ.”

“ಹೂಂ. ಮದುವೆಗೆ ಹೊಲಿದದ್ದಕ್ಕಿಂತ ಚೆನ್ನಾಗಿ ಕೂತಿದೆ. ನಡಿ.”

ನೀರಿನ ಅಂಚಿಗೆ ಬಂದಾಗ ಕಾವಲುಗಾರ ಮೇಲಿಂದ ಕೂಗಿದ. “ಅಕ್ಕಾ, ಈಜು ಬರುತ್ತಾ?”

“ಕಲಿಸ್ತಿದ್ದೆ!”

ಅವನು ನನ್ನ ಚಿಂದಿ ವೇಷವನ್ನು ಇನ್ನೊಮ್ಮೆ ನೋಡಿದ. “ನೋಡಿದ್ರೆ ಹಾಗೆ ಅನ್ಸಲ್ಲ. ಎರಡು ಬಾವುಟದ ಮಧ್ಯೆನೇ ಇರಿ.”

“ಮಧ್ಯೆ ಎಷ್ಟು ದೂರ?”

“ನೂರು ಮೀಟರು.”

ಐದು ಸಲ ಹೋದರೆ ಲೆಕ್ಕ ಸರಿ. ಎದೆಮಟ್ಟದ ನೀರಿಗೆ ಹೋಗಿ, ಆಚೆಯ ಬಾವುಟದ ಕಡೆ ಮುಖ ಮಾಡಿ, ಬಿದ್ದೆ.

ಮೊದಲ ನೂರು ಚೆನ್ನಾಗಿತ್ತು. ಎಷ್ಟು ಚೆನ್ನಾಗಿತ್ತೆಂದರೆ ಮ್ಯಾನೇಜರಿಗೆ ಹೇಳಬೇಕಾದ ಎರಡು ಮಾತನ್ನೂ ಯೋಚಿಸಿಟ್ಟುಕೊಂಡೆ. ಎರಡನೆಯದರ ಅರ್ಧದಲ್ಲಿ ಹೊಟ್ಟೆ ನೆನಪಾಯಿತು. ಹಿಂದೆ ಅಲ್ಲೊಂದು ಹಲಗೆಯಂಥ ಬಿಗಿ ಇತ್ತು, ಕೈಕಾಲೆಲ್ಲ ಅದಕ್ಕೆ ಕಟ್ಟಿದ ಹಾಗಿರುತ್ತಿತ್ತು. ಈಗ ಆ ಜಾಗದಲ್ಲಿ ಯಾರೂ ಇಲ್ಲ. ಸೊಂಟ ಕೆಳಕ್ಕಿಳಿಯುತ್ತದೆ, ಕಾಲು ಹಿಂದೆಲ್ಲೋ ಬರುತ್ತಿರುತ್ತವೆ. ಮೂರನೆಯದರಲ್ಲಿ ಉಪ್ಪುನೀರು ಕುಡಿದೆ. ಮಕ್ಕಳಿಗೆ ಹೇಳುತ್ತಿದ್ದ ಮಾತನ್ನೇ ನನಗೆ ಹೇಳಿಕೊಂಡೆ. ಆತುರ ಬೇಡ, ನೀರಿನ ಜತೆ ಜಗಳ ಬೇಡ, ಗುಳ್ಳೆ ಬಿಡು, ತಲೆ ತಿರುಗಿಸು. ಮಕ್ಕಳಿಗೆ ಈ ಮಾತು ಕೇಳಿ ಎಷ್ಟು ಸಿಟ್ಟು ಬರುತ್ತಿತ್ತೆಂದು ಅವತ್ತು ತಿಳಿಯಿತು.

ನಾಲ್ಕನೆಯದು ಮುಗಿಯುವ ಹೊತ್ತಿಗೆ ಭುಜ ಉರಿಯುತ್ತಿತ್ತು. ಕಾವಲುಗಾರನ ಬಾವುಟದ ಹತ್ತಿರ ತಲೆಯೆತ್ತಿದೆ. ಅಳು ಕೇಳಿಸಿತು.

ಸಾವಿರ ಮಕ್ಕಳಲ್ಲಿ ಗೊತ್ತಾಗುವ ಅಳು. ದಂಡೆಯಲ್ಲಿ, ನನ್ನಿಂದ ಇಪ್ಪತ್ತು ಹೆಜ್ಜೆಯಲ್ಲಿ, ಮೈಮೇಲೆ ಸ್ವೆಟರೊಂದನ್ನು ಬಿಟ್ಟು ಇನ್ನೇನೂ ಇಲ್ಲದ ದೊರೆಸಾನಿ ಎರಡೂ ಕೈ ನನ್ನ ಕಡೆ ಚಾಚಿ “ಅಮ್ಮಾ” ಎಂದು ಗಂಟಲು ಹರಿಯುವ ಹಾಗೆ ಕೂಗುತ್ತಿದ್ದಳು. ಇವರು ಅವಳನ್ನು ಎತ್ತಿಕೊಂಡು, ಎದೆಯಿಂದ ಕೆಳಗೆಲ್ಲ ಒದ್ದೆಯಾಗಿ ನಿಂತಿದ್ದರು. ಅದು ಕಡಲ ನೀರಲ್ಲ ಎಂದು ಅಲ್ಲಿಂದಲೇ ಗೊತ್ತಾಗುತ್ತಿತ್ತು.

ನನ್ನ ಕಾಲು ನೆಲಕ್ಕೆ ಇಳಿಯತೊಡಗಿತ್ತು. ಇಳಿದರೆ ಮುಗಿಯಿತು, ನಿಲ್ಲದೆ ಎಂದರೆ ನಿಲ್ಲದೆ. ಇಳಿಯದೆ, ನಿಂತ ಭಂಗಿಯಲ್ಲೇ ಕಾಲಾಡಿಸುತ್ತ ತೇಲಿದೆ. ಆ ಇಪ್ಪತ್ತು ಹೆಜ್ಜೆ ಹಾಕಿದರೆ ಅವಳು ನನ್ನ ಕತ್ತಿಗೆ ಅಂಟಿಕೊಂಡು ಸುಮ್ಮನಾಗುತ್ತಾಳೆ. ಹದಿನೆಂಟು ತಿಂಗಳಲ್ಲಿ ಆ ಅಳು ಕೇಳಿಯೂ ನಾನು ಹೋಗದೇ ಇದ್ದದ್ದು ಒಂದು ಸಲವೂ ಇಲ್ಲ. ಎದೆಯಲ್ಲಿ ಹಾಲು ಇಳಿಯುವಂತಾಯಿತು, ಮೊಲೆಹಾಲು ಬಿಡಿಸಿ ಮೂರು ತಿಂಗಳಾಗಿದ್ದರೂ.

ನಾನು ಕಂಡೊಡನೆ ಇವರು ಮಗುವನ್ನು ಚಾಚಿ ಹಿಡಿದು, “ನಿನ್ನೇ ಕರೀತಿದಾಳೆ!” ಎಂದು ಕೂಗಿದರು. ಮಕ್ಕಳು ಅಳುವಾಗ ಅದೊಂದು ವಿಷಯ ಮಾತ್ರ ಅಪ್ಪಂದಿರಿಗೆ ಬಹಳ ಸ್ಪಷ್ಟವಾಗಿ ಅರ್ಥವಾಗುತ್ತದೆ.

“ಗೊತ್ತು!” ಎಂದು ಕೂಗಿದೆ. “ನೀವು ಅವಳಪ್ಪ! ಬರ್ತೀನಿ ಅಂತ ಹೇಳಿ ಅವಳಿಗೆ!”

ತಿರುಗಿದೆ.

ಐದನೆಯ ನೂರನ್ನು ಈಜು ಎಂದು ಯಾವ ಮೇಷ್ಟರೂ ಒಪ್ಪಲಾರರು. ಕೈ ಬಿದ್ದಲ್ಲಿ ಬೀಳುತ್ತಿತ್ತು. ನೀರಿನ ಒಳಗೆ ಕಿವಿ ಹೋದಾಗ ಅಳು ನಿಲ್ಲುತ್ತಿತ್ತು, ತಲೆ ತಿರುಗಿಸಿದಾಗ ಇನ್ನೂ ಇದೆಯೇ ಎಂದು ಕೇಳಿಸಿಕೊಳ್ಳುತ್ತಿದ್ದೆ. ಇತ್ತು. ಇತ್ತು. ಆಮೇಲೆ ದೂರಕ್ಕೋ, ಸುಮ್ಮನಾದದ್ದಕ್ಕೋ, ಇರಲಿಲ್ಲ. ಎಡಹೊಲಿಗೆ ಎಲ್ಲೋ ಪಟ್ಟೆಂದು ಬಿಚ್ಚಿತು. ಆಚೆಯ ಬಾವುಟದ ನೇರಕ್ಕೆ ಬಂದು ಕೈ ಚಾಚಿ, ಮುಟ್ಟಲು ಗೋಡೆಯಿಲ್ಲದೆ ನೀರನ್ನೇ ಒಮ್ಮೆ ಹೊಡೆದು, ಕಾಲು ನೆಲಕ್ಕಿಟ್ಟೆ. ಐದು. ಯಾರೂ ಶಿಳ್ಳೆ ಊದಲಿಲ್ಲ. ನಾನೇ ಒಂದೆರಡು ಹನಿ ಕಣ್ಣೀರು ಹಾಕಿದೆ, ಅಷ್ಟು ಉಪ್ಪುನೀರಿನಲ್ಲಿ ಯಾರು ಕಂಡಾರು?

ನೂರು ಮೀಟರು ಮರಳಲ್ಲಿ ಕಾಲೆಳೆದುಕೊಂಡು ಬಂದೆ. ದೊರೆಸಾನಿ ಅಪ್ಪನ ತೊಡೆಯ ಮೇಲೆ ಕೂತು ಬಾಳೆಹಣ್ಣು ತಿನ್ನುತ್ತಿದ್ದಳು. ಕೆನ್ನೆಯಲ್ಲಿ ಕಣ್ಣೀರು, ಹಣ್ಣು, ಮರಳು ಮೂರೂ ಬೆರೆತು ಒಣಗಿತ್ತು.

“ತುಂಬ ಹೊತ್ತು ಅತ್ತಳಾ?” ಎಂದೆ.

“ನೀನು ತಿರುಗಿದ ಮೇಲೆ ಒಂದು ನಾಲ್ಕು ನಿಮಿಷ,” ಎಂದರು ಇವರು. ದನಿಯಲ್ಲಿ ಮೇಸ್ತ್ರಿ ಇರಲಿಲ್ಲ. “ಆಮೇಲೆ ನಾನೂ ಅವಳ ಜತೆ ‘ಅಮ್ಮಾ’ ಅಂತ ಕೂಗಿದೆ. ನನ್ನ ಮುಖ ನೋಡಿ ಅವಳೇ ನಿಲ್ಲಿಸಿದ್ಲು.”

“ಜನ ಎಲ್ಲ ನೋಡ್ತಿದ್ರು,” ಎಂದರು ಅತ್ತೆ. “ಎಷ್ಟಾಯ್ತು ನಿನ್ನದು?”

“ಐದೂ ಆಯ್ತು ಅತ್ತೆ.”

“ನಿಲ್ಲದೆ?”

“ಕಾಲು ನೆಲಕ್ಕೆ ತಾಗಿಸಿಲ್ಲ.”

“ಹೊಲಿಗೆ?”

“ಎಡಗಡೆ ಬಿಚ್ಚಿತು.”

“ಅದು ನನ್ನ ತಪ್ಪು, ಜೋಡಿ ದಾರ ಹಾಕ್ಬೇಕಿತ್ತು,” ಎಂದು ಆ ಪಕ್ಕ ಎಳೆದು ನೋಡತೊಡಗಿದರು.

ನಾನು ಮಗಳನ್ನು ಎತ್ತಿಕೊಳ್ಳಲು ಬಗ್ಗಿದೆ. ಕೈ ಮೇಲೇಳಲಿಲ್ಲ. ಎರಡು ಸಲ ಪ್ರಯತ್ನಿಸಿ ಅವಳ ಪಕ್ಕದಲ್ಲೇ ಕುಸಿದು ಕೂತೆ. ಅವಳು ನನ್ನನ್ನು ಸ್ವಲ್ಪ ಹೊತ್ತು ಮುನಿಸಿನಿಂದ ನೋಡಿದಳು. ಆಮೇಲೆ ಅಪ್ಪನ ತೊಡೆಯಿಂದ ತಾನೇ ಇಳಿದು, ಬಾಳೆಹಣ್ಣಿನ ಸಮೇತ ನನ್ನ ಮೇಲೆ ಹತ್ತಿ, ನನ್ನ ಭುಜಕ್ಕೆ ಬಾಯಿ ಇಟ್ಟು ಒಮ್ಮೆ ನೆಕ್ಕಿದಳು. ಉಪ್ಪಿಗೆ ಮುಖ ಕಿವುಚಿದಳು. ಇನ್ನೊಮ್ಮೆ ನೆಕ್ಕಿದಳು.